ಯಜಮಾನರ ಕೊರಳಿಗೆ ಬಿಗಿದ ಹಗ್ಗ

ನಂಬೋರು ನಂಬಿ, ಬಿಡೋರು ಬಿಡಿ. ಕುಡಿದಿದ್ದೆಯಾ ಅಂತ ಮಾತ್ರ ಕೇಳಬೇಡಿ, ಮೈ ಉರಿಯುತ್ತೆ. ಆ ರಾತ್ರಿ ನನ್ನ ಹೆಂಡತಿಯೂ ಜೊತೆಗಿದ್ದಳು. ನಾನು ಕಂಡದ್ದನ್ನೇ ಅವಳೂ ಕಂಡಳು.

ವಿರೂಪಾಕ್ಷಿಪುರದ ಹತ್ತಿರ ನಮ್ಮೂರು. ನನ್ನದು ಶಾಮಿಯಾನ ಅಂಗಡಿ. ಇಲ್ಲೇ ಹುಟ್ಟಿ ಮಂತ್ರಿಯಾಗಿದ್ದ ಹಿರಿಯರೊಬ್ಬರ ಕಂಚಿನ ಪ್ರತಿಮೆ ನಮ್ಮ ಸರ್ಕಲ್ಲಿನಲ್ಲಿದೆ. ಊರಿಗೆಲ್ಲ ಅವರು ಯಜಮಾನರು. ಎಲೆಕ್ಷನ್ ಘೋಷಣೆಯಾಯಿತು ಅಂದರೆ ರಾಜಕೀಯದವರ ಪ್ರತಿಮೆಗಳಿಗೆ ಬಟ್ಟೆ ಮುಚ್ಚಬೇಕು, ಅದು ನೀತಿ ಸಂಹಿತೆ. ಆ ಕೆಲಸಕ್ಕೆ ನನ್ನನ್ನು ಕರೆದರು.

ಬಟ್ಟೆ ಹಾರಿ ಮುಖ ಕಂಡರೆ ಅಧಿಕಾರಿಗಳ ಹತ್ತಿರ ಬೈಸಿಕೊಳ್ಳೋರು ಯಾರು? ಶಾಮಿಯಾನದ ಕಂಬಕ್ಕೆ ಬಿಗಿಯುವ ಹಾಗೆ ಕೊರಳಿಗೇ ಹಗ್ಗ ಬಿಗಿದೆ. ಕೆಳಗೆ ಏಣಿ ಹಿಡಿದಿದ್ದ ಗೆಳೆಯ ಶಿವಣ್ಣ, "ಲೇ, ಕತ್ತಿಗ್ಯಾಕ್ಲಾ? ಸೊಂಟಕ್ಕೆ ಕಟ್ಲಾ," ಅಂದ.

"ಕಂಚು ಕಣ್ಲಾ, ಏನಾಯ್ತದೆ?" ಅಂತ ನಕ್ಕೆ.

ಅದೇ ರಾತ್ರಿ ನನ್ನ ಪುಟ್ಟ ಮಗಳಿಗೆ ಉಸಿರು ಸಿಗದಂತಾಯಿತು. ಹಿಂದೆಂದೂ ಹಾಗಾಗಿರಲಿಲ್ಲ. ಎದೆಯಲ್ಲಿ ಗೊರಗೊರ... ತುಟಿ ನೀಲಿ... ಹೆಂಡತಿ ಅವಳನ್ನು ಅವಚಿಕೊಂಡು ಬೈಕಿನ ಹಿಂದೆ ಕೂತಳು. ಚನ್ನಪಟ್ಟಣದ ಆಸ್ಪತ್ರೆಗೆ ಹೊರಟೆವು.

ಸರ್ಕಲ್ಲಿಗೆ ಬಂದಾಗ ಹಿಂದಿನಿಂದ ಅವಳ ದನಿ. "ನಿಲ್ಸಿ... ಮಗು ಉಸ್ರಾಡ್ತಾ ಇಲ್ಲ ಕಣ್ರೀ."

ನಿಲ್ಲಿಸಿದೆ. ಎಂಜಿನ್ ಸದ್ದು ನಿಂತಿತು. ಗೊರಗೊರ ನಿಲ್ಲಲಿಲ್ಲ... ಮಗಳ ಎದೆಗೆ ಕಿವಿಯಿಟ್ಟೆ. ಅಲ್ಲಿ ಏನೂ ಕೇಳಿಸಲಿಲ್ಲ. ಸದ್ದು ಮೇಲಿನಿಂದ ಬರುತ್ತಿತ್ತು.

ತಲೆಯೆತ್ತಿ ನೋಡಿದೆ. ಒಂದೆಲೆಯೂ ಅಲ್ಲಾಡದ ಸೆಕೆ. ಆದರೂ ಪ್ರತಿಮೆಯ ಬಾಯಿದ್ದ ಜಾಗದಲ್ಲಿ ಬಟ್ಟೆ ಒಳಕ್ಕೆ ಹೋಗುತ್ತಿತ್ತು... ಹೊರಕ್ಕೆ ಬರುತ್ತಿತ್ತು...

"ಹಗ್ಗ ಬಿಚ್ಚಿ," ಅಂದಳು ಪಿಸುದನಿಯಲ್ಲಿ. "ನಿಮ್ ದಮ್ಮಯ್ಯ, ಬಿಚ್ಚಿ."

ಪೀಠದ ಮೇಲೆ ಹೇಗೆ ಹತ್ತಿದೆನೋ ದೇವರಿಗೇ ಗೊತ್ತು. ನಾನೇ ಹಾಕಿದ ಗಂಟು, ಬೆರಳಿಗೆ ಬಿಚ್ಚಿಕೊಳ್ಳಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಸಡಿಲವಾದ ಕೂಡಲೇ ಬಟ್ಟೆಯೊಳಗಿಂದ ಬಿಸಿಯುಸಿರು ನನ್ನ ಕೆನ್ನೆಗೆ ಬಡಿಯಿತು. ಎಲೆಅಡಿಕೆ, ಹೊಗೆಸೊಪ್ಪಿನ ವಾಸನೆ... ಕೆಳಗೆ ನನ್ನ ಮಗಳು ಕಿಟಾರನೆ ಕಿರುಚಿ ಅತ್ತಳು.

ಆಸ್ಪತ್ರೆಯಲ್ಲಿ ಡಾಕ್ಟರು ಎದೆ ನೋಡಿ, "ಮಗು ಚೆನ್ನಾಗೇ ಇದೆಯಲ್ರೀ," ಅಂದರು. ಬೆಳಿಗ್ಗೆ ಹೋಗಿ ಹಗ್ಗವನ್ನು ಸೊಂಟಕ್ಕೆ ಕಟ್ಟಿದೆ, ತಪ್ಪಾಯಿತು ಅಂತ ಕೈಮುಗಿದೆ. ಆಮೇಲೆ ಮಗಳಿಗೆ ಏನೂ ಆಗಲಿಲ್ಲ.

ಈಗ ಮತ್ತೆ ಎಲೆಕ್ಷನ್. ಈ ಸಲ ಆ ಕೆಲಸ ಪಕ್ಕದೂರಿನ ಹುಡುಗನೊಬ್ಬನಿಗೆ ಸಿಕ್ಕಿದೆ. ಮನೆಗೇ ಹೋಗಿ, ಕೊರಳಿಗೆ ಮಾತ್ರ ಕಟ್ಟಬೇಡಪ್ಪ ಅಂತ ಹೇಳಿದೆ. "ಆಯ್ತು ಬುಡಣ್ಣ," ಅಂತ ನಕ್ಕ.

ಸಂಜೆ ಸರ್ಕಲ್ಲಿಗೆ ಹೋಗಿ ನೋಡಿದೆ. ಕೊರಳಿಗೇ ಬಿಗಿದಿದ್ದಾನೆ. ಕಾವಲಿಗಿದ್ದ ಪೊಲೀಸರು ಮುಟ್ಟಲು ಬಿಡಲಿಲ್ಲ. ಅವನಿಗೆ ಫೋನ್ ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ. ಕತ್ತಲಾಗುತ್ತಿದೆ... ಅವನ ಮನೆಯಲ್ಲಿ ತೊಟ್ಟಿಲ ಕೂಸಿದೆ.