ತುದಿಯ ಟಬ್ಬಿಗೆ ಸೇರಿಸಿದ ಹುಳು

ತೊಂಬತ್ತರ ದಶಕದ ಕೊನೆಯ ಮಾತು. ಬಿ.ಟಿ.ಎಂ. ಲೇಔಟಿನ ನಮ್ಮ ಮನೆಯ ಮಹಡಿ ಕೋಣೆಗೆ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಿದ್ದಳು. ಬೆಟ್ಟದ ಎರೆಹುಳುಗಳ ಮೇಲೆ ಅವಳ ಪಿಎಚ್.ಡಿ. ಒಮ್ಮೆ ಬೆಟ್ಟದ ಮೂರು ಎತ್ತರಗಳಿಂದ ಹುಳುಗಳ ಸಮೇತ ಮೂರು ಟಬ್ಬು ಮಣ್ಣು ತಂದು, ಬುಡ, ನಡು, ತುದಿ ಎಂದು ಚೀಟಿ ಅಂಟಿಸಿ, ಮೆಟ್ಟಿಲ ಕೆಳಗಿನ ನೆರಳಿನಲ್ಲಿಟ್ಟಳು. ಯಾವ ಎತ್ತರದಲ್ಲಿ ಯಾವ ಜಾತಿ ಇದೆಯೆಂದು ನೋಡುವ ಮೊದಲೇ ತಂದೆಗೆ ಹುಷಾರಿಲ್ಲವೆಂದು ಅವಳಿಗೆ ಊರಿಂದ ಫೋನ್ ಬಂತು.

“ಆಂಟಿ, ದಿನಾ ಒಂದೀಟು ನೀರು ಚಿಮಕಸ್ರಿ. ಕೆದರಬ್ಯಾಡ್ರಿ,” ಎಂದಳು.

“ಎಲ್ಲಾ ಒಂದೇ ಹುಳ ಅಲ್ವೇನಮ್ಮ?”

“ಅಲ್ರೀ. ಮ್ಯಾಲೆ ಹೋದಂಗ ಥಂಡಿ, ಹುಳ ಕಡಿಮಿ, ಜಾತೀನೂ ಬ್ಯಾರೆ. ಎತ್ತರ ಒಂದ ಅಲ್ಲ, ನೆಳ್ಳು, ಹಸಿ, ಉದುರಿದ ಎಲಿ, ಎಲ್ಲಾ ನೋಡತಾವ.”

ಅವಳು ಊರಿಗೆ ಹೋದ ಮೂರನೆಯ ಬೆಳಿಗ್ಗೆ ರಂಗೋಲಿ ಹಾಕಿ ಬಂದರೆ ಟಬ್ಬುಗಳ ನಡುವೆ, ನೆಲದ ಮೇಲೆ ಒಂದು ಹುಳು. ಯಾವುದರಿಂದ ಬಂತೋ ತಿಳಿಯಲಿಲ್ಲ. ತುದಿಯಲ್ಲಿ ಕಡಿಮೆ ಅಂದಿದ್ದಳಲ್ಲ, ಪಾಪ, ಅಲ್ಲಿಗೆ ಒಂದು ಜೊತೆಯಾಗಲಿ ಎಂದು ಅದರಲ್ಲಿ ಬಿಟ್ಟೆ.

ದೇವರ ಮುಂದೆ ಕೂತರೆ ನಾಮ ತಪ್ಪತೊಡಗಿತು. ಎದ್ದು ಹೋಗಿ ನೋಡಿದೆ. ಹುಳು ಮಣ್ಣಿಗೆ ಇಳಿಯದೆ ಟಬ್ಬಿನ ಅಂಚು ಸುತ್ತುತ್ತಿತ್ತು. ಸಾರಿಗೆ ಒಗ್ಗರಣೆ ಹಾಕಿ ಮತ್ತೆ ಹೋದೆ. ಆಗಲೂ ಹಾಗೇ.

“ಬಾಣಂತಿಯೂ ಇಷ್ಟು ಸಲ ತೊಟ್ಟಿಲು ನೋಡಲ್ಲ ಕಣೇ,” ಎಂದರು ಅತ್ತೆ.

ಮಧ್ಯಾಹ್ನಕ್ಕೆ ಅದು ಕಾಣಲಿಲ್ಲ. ಇನ್ನು ಹುಡುಕಿ ತೆಗೆಯೋಣವೆಂದರೆ ಕೆದರುವ ಹಾಗಿಲ್ಲ. ತುದಿಯದಲ್ಲದ ಹುಳುವನ್ನು ಅವಳು ತುದಿಯದೆಂದು ಬರೆದುಬಿಟ್ಟರೆ? ಎರಡು ವರ್ಷದ ಓದು ನನ್ನ ಕೈಯಿಂದ ಸುಳ್ಳಾಗುತ್ತದೆ.

“ಹೇಳ್ದೆ ಸುಮ್ನಿರು. ಹುಳದ ಮೇಲೆ ಹೆಸರು ಬರೆದಿರುತ್ತಾ?” ಎಂದರು ಅತ್ತೆ. ನನಗೆ ಆಗಲಿಲ್ಲ.

ಅವಳು ಬಂದ ದಿನ ಬ್ಯಾಗು ಕೆಳಗಿಡುವ ಮೊದಲೇ ಹೇಳಿಬಿಟ್ಟೆ. ಅವಳು ಮೆಟ್ಟಿಲ ಕೆಳಗೆ ಬಗ್ಗಿ ತುದಿಯ ಟಬ್ಬನ್ನು ಹೊರಗೆಳೆದಳು.

“ನೀವು ಹಾಕಿದ್ದು ಯಾವುದು ಅಂತ ಹೆಂಗ ಹೇಳೂದ್ರಿ? ಈ ಟಬ್ಬು ಬಿಡಬೇಕು. ಮತ್ತ ತುದೀಗೆ ಹತ್ತಬೇಕು.”

“ತಪ್ಪಾಯ್ತಮ್ಮ.”

“ಹೇಳಿದ್ರಲ್ಲ ಆಂಟಿ. ಇಲ್ಲಂದ್ರ ಸುಳ್ಳು ಬರದ ಬಿಡ್ತಿದ್ದೆ.”

ಅವಳ ತಂದೆ ಎದ್ದು ಗಂಜಿ ಕುಡಿಯುತ್ತಿದ್ದಾರೆಂದು ಆಮೇಲೆ ಕೇಳಿದೆ. ಅಷ್ಟಾದರೂ ದೇವರು ನೋಡಿಕೊಂಡ. ಶನಿವಾರ ಅವಳು ಬೆಟ್ಟಕ್ಕೆ ಹೊರಟಾಗ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟೆ. ಬೇಡ ಅನ್ನದೆ ತೆಗೆದುಕೊಂಡಳು.