ಬ್ಲೋವರ್ ನಿಲ್ಲಿಸಿ, ಭಾಷಣವಿದೆ

ಕಾಗದದ ಕಾರ್ಖಾನೆಯ ಹಿತ್ತಿಲಲ್ಲಿ, ಕೊಳೆತ ತಿರುಳು ಬಂದು ಬೀಳುವ ಗಸಿ ತೊಟ್ಟಿಯ ಬಾಯಿಯ ಪಕ್ಕ, ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ದಿನವಿಡೀ ಬೈಯುತ್ತ ಕೂರುವುದು ಆಕೆಯ ಕೆಲಸವಾಗಿತ್ತು. ಬೈಯುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಕೇಳಬೇಡಿ. ಸಂಬಳ ತೊಟ್ಟಿಯ ಬಾಯಿ ಕಾಯುವುದಕ್ಕೆ. ಬೈಗುಳ ಆಕೆ ತನ್ನ ಕಡೆಯಿಂದ ಪುಕ್ಕಟೆಯಾಗಿ ಸೇರಿಸಿದ್ದು.

ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ರೇಡಿಯೋ ಅನ್ನುತ್ತಿದ್ದರು. ಆರಿಸಲು ಗುಂಡಿಯೇ ಇಲ್ಲದ ರೇಡಿಯೋ.

ಆಕೆಯ ಗಂಡ ಇದೇ ಕಾರ್ಖಾನೆಯ ಇನ್ನೊಂದು ತೊಟ್ಟಿಯಲ್ಲಿ ಸತ್ತವನು. ಒಳಗೆ ಕುಸಿದ ಜೊತೆಗಾರನನ್ನು ಎತ್ತಲು ಇಳಿದ, ಅವನ ಮೇಲೆಯೇ ತಾನೂ ಬಿದ್ದ. ಆ ಹೊತ್ತಿಗೆ ತೊಟ್ಟಿಯ ಬಾಯಿ ಕಾಯಬೇಕಿದ್ದವನು ದೊಡ್ಡ ಸಾಹೇಬರಿಗೆ ಸಿಗರೇಟು ತರಲು ಗೇಟಿನಾಚೆ ಹೋಗಿದ್ದ. ಕಳುಹಿಸಿದ ಸಾಹೇಬರು ಬಡ್ತಿ ಪಡೆದು ಬೇರೆ ಊರಿಗೆ ಹೋದರು. ಸತ್ತವನ ಹೆಂಡತಿಗೆ ಅನುಕಂಪದ ಕೆಲಸ ಸಿಕ್ಕಿತು. ಯಾವ ಕೆಲಸ? ಬಾಯಿ ಕಾಯುವ ಕೆಲಸ! ಸೊಂಟ ಹೋದವರು, ಕಣ್ಣು ಮಂಜಾದವರು, ಗಂಡನನ್ನು ಕಳೆದುಕೊಂಡವರು, ಹೀಗೆ ಇನ್ನೆಲ್ಲಿಗೂ ಬೇಡವಾದವರನ್ನು ತಂದು ಕೂರಿಸುವ ಜಾಗ ಅದು. "ಸುಮ್ನೆ ಕೂತ್ಕೊಳ್ಳೋದಮ್ಮ, ಕಷ್ಟ ಏನಿಲ್ಲ" ಎಂದು ಕುರ್ಚಿ ತೋರಿಸಿದರು. ಸುಮ್ಮನೆ ಕೂರುವುದೊಂದನ್ನು ಬಿಟ್ಟು ಬೇರೇನು ಬೇಕಾದರೂ ಮಾಡಬಲ್ಲ ಹೆಂಗಸಿಗೆ.

ಆ ತೊಟ್ಟಿಯನ್ನು ನೀವು ನೋಡಿರಲಿಕ್ಕಿಲ್ಲ. ದಪ್ಪನೆಯ ಆಳು ಹೊಟ್ಟೆ ಒಳಗೆಳೆದುಕೊಂಡೇ ನುಸುಳಬೇಕಾದ ಒಂದು ದುಂಡು ಕಂಡಿ, ತುಕ್ಕು ಹಿಡಿದ ಏಣಿ, ಕೆಳಗೆ ಉದ್ದಕ್ಕೆ ಚಾಚಿದ ಕತ್ತಲು. ಪಾದ ಮುಳುಗುವಷ್ಟು ಬೂದು ಕೆಸರು. ಸಲಿಕೆ ಹಾಕಿ ಕೆದಕಿದಾಗೆಲ್ಲ ಅದರ ಹೊಟ್ಟೆಯಿಂದ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಬೆಳಿಗ್ಗೆ ವಿಷಗಾಳಿ ಅಳೆಯುವ ಮೀಟರು ಇಳಿಬಿಟ್ಟು ನೋಡಿದಾಗ ಚೆನ್ನಾಗಿದ್ದ ಗಾಳಿ ಕೆಸರು ಕೆದಕಿದ ಮೇಲೆ ಹಾಗೇ ಇರುತ್ತದೆಂಬ ಭರವಸೆಯೇನೂ ಇಲ್ಲ. ಇದರಲ್ಲಿ ಇನ್ನೊಂದು ಮೋಸವಿದೆ. ವಿಷ ಹೆಚ್ಚಿದಂತೆ ಮೂಗು ಸತ್ತುಹೋಗುತ್ತದೆ. ನಾತ ಹೋಯಿತಲ್ಲ ಎಂದು ಒಳಗಿದ್ದವನು ನೆಮ್ಮದಿಯಾಗುವ ಗಳಿಗೆಯೇ ಅವನ ಕೊನೆಯ ಗಳಿಗೆಯಾಗಬಹುದು. ಮೈಗೆ ಸಿಕ್ಕಿಸಿಕೊಂಡು ಇಳಿಯುವ, ಗಾಳಿ ಕೆಟ್ಟೊಡನೆ ಕೂಗಿಕೊಳ್ಳುವ ಪುಟ್ಟ ಮೀಟರುಗಳೂ ಕಾರ್ಖಾನೆಯಲ್ಲಿದ್ದವು. ಎಲ್ಲಿ? ಆಫೀಸಿನ ಗಾಜಿನ ಬೀರುವಿನಲ್ಲಿ. ಕೆಸರಾದರೆ ಹಾಳಾಗುತ್ತವಂತೆ!

ಹಾಗಾಗಿ ರೇಡಿಯೋ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಒಳಗಿಳಿಯುವ ಇಬ್ಬರ ಸೊಂಟಪಟ್ಟಿಗೂ ಹಗ್ಗ. ಎಡಗೈಯಲ್ಲೊಂದು, ಬಲಗೈಯಲ್ಲೊಂದು. ಹಗ್ಗ ಕಟ್ಟಿಕೊಳ್ಳದವನನ್ನು ಆಕೆ ಇಳಿಯಲು ಬಿಡುತ್ತಿರಲಿಲ್ಲ. ಇಳಿದ ಮೇಲೆ ಬಾಯಿ ಶುರು. ಒಳಗಿನವನು ಮಾರುತ್ತರ ಕೊಡಲೇಬೇಕು ಅನ್ನಿಸುವಂಥ ಮಾತನ್ನೇ ಹುಡುಕಿ ಎಸೆಯುತ್ತಿದ್ದಳು. ಉತ್ತರ ತಡವಾದರೆ, ನಾಲಿಗೆ ಎಳೆದರೆ, ಅವನನ್ನು ಮೇಲಕ್ಕೆ ಕರೆಯುವುದು. ಅಷ್ಟೇ ಲೆಕ್ಕಾಚಾರ.

ಇಳಿಯುತ್ತಿದ್ದ ಜೋಡಿಯಲ್ಲಿ ಒಬ್ಬ ಮಿಮಿಕ್ರಿ. ಮ್ಯಾನೇಜರನ ಕೆಮ್ಮಿನಿಂದ ಹಿಡಿದು ಲಾರಿಯ ರಿವರ್ಸ್ ಸದ್ದಿನವರೆಗೆ ಎಲ್ಲವನ್ನೂ ಗಂಟಲಲ್ಲಿ ಇಟ್ಟುಕೊಂಡವನು. ಇನ್ನೊಬ್ಬ ಗೊರಕೆ. ಆನೆಯಂಥ ಮೈ, ಗೋಡೆ ಸಿಕ್ಕರೆ ಸಾಕು ಒರಗಿ ಕಣ್ಣು ಮುಚ್ಚುವ ಚಾಳಿ. ರೇಡಿಯೋಳ ಗಂಡನ ಗೆಳೆಯನಾಗಿದ್ದವನು, ಅತ್ತಿಗೆ ಎಂದೇ ಕರೆಯುತ್ತಿದ್ದ.

"ಏಯ್ ಗೊರಕೆ, ನಿಮ್ಮತ್ತೆ ಗೇಟ್ ಹತ್ರ ಬಂದಿದ್ದಾಳೆ ಕಣೋ! ಕೈಯಲ್ಲಿ ಲಟ್ಟಣಿಗೆ ಇದೆ!"

"ನಿನ್ನ ಬಾಯಿಗೆ ಸಿಮೆಂಟ್ ಹಾಕ, ಅತ್ತಿಗೆ!" ಎಂದು ಒಳಗಿಂದ ಗುಡುಗು. ಜೊತೆಗೇ ಬಲಗೈಯ ಹಗ್ಗಕ್ಕೆ ಒಂದು ಜಗ್ಗು, ಆಕೆಯ ಭುಜ ಕಿತ್ತುಬರುವಂಥದ್ದು. ಸಿಟ್ಟು ಬಂದಾಗ ಹಗ್ಗ ಜಗ್ಗದೆ ಅವನಿಗೆ ಬೈಯಲು ಬರುತ್ತಿರಲಿಲ್ಲ. ಆಕೆ ಭುಜ ನೀವಿಕೊಂಡು, "ಇವನಿಗೇನೂ ಆಗಿಲ್ಲ ಬಿಡು" ಎಂದು ಎಡಗೈಯವನತ್ತ ತಿರುಗುತ್ತಿದ್ದಳು.

ಈ ಬೈಗುಳ ಕೇಳಿ ಮುಖ ಕಿವುಚುತ್ತಿದ್ದವನು ಸುರಕ್ಷತಾ ಅಧಿಕಾರಿ. ಕೆಲಸಗಾರರ ಬಾಯಲ್ಲಿ ಇಸ್ತ್ರಿ ಸಾಹೇಬ. ಸುರಕ್ಷತೆಯ ಹೆಸರಲ್ಲಿ ಸಂಬಳ ಎಣಿಸುವ ಈ ಮನುಷ್ಯ ಒಂದು ದಿನವೂ ಆ ಕಂಡಿಗೆ ತಲೆ ಬಗ್ಗಿಸಿ ನೋಡಿದ್ದಿಲ್ಲ. ಬಗ್ಗಿದರೆ ಪ್ಯಾಂಟಿನ ಗೆರೆ ಹೋಗುತ್ತದಲ್ಲ!

ವರ್ಷಕ್ಕೊಮ್ಮೆ ನಡೆಯುವ ಸುರಕ್ಷತಾ ಸಪ್ತಾಹ ಬಂತು. ಕೇಂದ್ರ ಕಚೇರಿಯಿಂದ ದೊಡ್ಡವರೊಬ್ಬರು ಭಾಷಣಕ್ಕೆ ಬರುವವರಿದ್ದರು. ನೆರಳಿರುವುದು ಹಿತ್ತಿಲಲ್ಲಿ ಮಾತ್ರ, ಹಾಗಾಗಿ ಶಾಮಿಯಾನ ಅಲ್ಲೇ ಎದ್ದಿತು, ತೊಟ್ಟಿಯಿಂದ ಕೂಗಳತೆಯಲ್ಲಿ. ಬಿದ್ದವರನ್ನು ರಾಟೆ ತಿರುಗಿಸಿ ಎತ್ತುವ, ಮೂರು ಕಾಲಿನ ಹಳದಿ ಸ್ಟ್ಯಾಂಡು ತೊಟ್ಟಿಯ ಬಾಯಿಯ ಮೇಲೆ ನಿಲ್ಲಬೇಕಿತ್ತು. ಅದನ್ನು ಇಸ್ತ್ರಿ ಸಾಹೇಬ ಬೆಳಿಗ್ಗೆಯೇ ಒರೆಸಿಸಿ, ಕೆಂಪು ರಿಬ್ಬನ್ ಕಟ್ಟಿಸಿ, ವೇದಿಕೆಯ ಪಕ್ಕ ಅಲಂಕಾರಕ್ಕೆ ನಿಲ್ಲಿಸಿದ್ದ. ತೊಟ್ಟಿ ಮಾತ್ರ ಅಂದೇ ಖಾಲಿಯಾಗಬೇಕಿತ್ತು. ಸ್ಟ್ಯಾಂಡು ಬರುವವರೆಗೆ ಯಾರೂ ಇಳಿಯುವುದಿಲ್ಲ ಎಂದು ರೇಡಿಯೋ ಹಟ ಹಿಡಿದಳು. ಮೇಸ್ತ್ರಿಯಿಂದ ಹೇಳಿಸಿ, ಕಣ್ಣು ಕೆಂಪು ಮಾಡಿಸಿ, ಹಗ್ಗಗಳ ತುದಿಯನ್ನು ಪಕ್ಕದ ಕಂಬಿಗೆ ಬಿಗಿಸಿ, ಇಬ್ಬರನ್ನೂ ಇಳಿಸಿಯೇ ಬಿಟ್ಟರು.

ಅತಿಥಿಗಳು ಬಂದರು, ಹಾರ ಬಿತ್ತು, ಮೈಕು ಕಿರುಚಿತು. ಇಸ್ತ್ರಿ ಸಾಹೇಬ ತೊಟ್ಟಿಯ ಹತ್ತಿರ ಓಡಿಬಂದ.

"ಏನಮ್ಮ ಇದು ಸದ್ದು? ಮೈಕಲ್ಲೆಲ್ಲಾ ಕೇಳಿಸ್ತಿದೆ."

"ಬ್ಲೋವರ್ ಸಾರ್. ಒಳಗೆ ಗಾಳಿ ಹೋಗ್ತಿರೋದು ಅದರಿಂದ್ಲೇ."

"ಒಂದೈದು ನಿಮಿಷ ನಿಲ್ಸಿ. ದೊಡ್ಡವರು ಮಾತಾಡಿ ಮುಗಿಸ್ಲಿ."

"ಹಾಗಾದ್ರೆ ಇಬ್ರನ್ನೂ ಮೇಲೆ ಕರೀತೀನಿ."

"ಆ ಅವತಾರದಲ್ಲಾ?" ಸಾಹೇಬ ಮೂಗಿಗೆ ಕರ್ಚೀಫು ಒತ್ತಿಕೊಂಡ. "ಈ ನಾತಕ್ಕೆ ಅತಿಥಿಗಳು ಎದ್ದೇ ಹೋಗ್ತಾರೆ. ಒಳಗೇ ಇರ್ಲಿ. ಕೆಲ್ಸ ನಿಲ್ಸಿ ಸುಮ್ನೆ ನಿಂತಿರೋಕೆ ಹೇಳಿ. ಮತ್ತೆ ನೋಡಿ, ಇವತ್ತು ನಿಮ್ಮ ಆ ಭಾಷೆ ಬೇಡ. ಹೆಂಗಸಾಗಿ ಏನ್ ಬಾಯಿ ರೀ ನಿಮ್ದು! 'ಎಲ್ಲಾ ಕ್ಷೇಮಾನಾ' ಅಂತ ಮೆಲ್ಲಗೆ ಕೇಳಿ, ಸಾಕು."

"ಸಾರ್, ಗಾಳಿ ನಿಂತ್ರೆ..."

"ಕೆಲ್ಸ ಬೇಕೋ ಬೇಡ್ವೋ?"

ಬ್ಲೋವರಿನ ಗುಂಡಿಯನ್ನು ಅವನೇ ಒತ್ತಿ ಹೋದ. ಅವನ ವೃತ್ತಿಜೀವನದಲ್ಲಿ ಸುರಕ್ಷತೆಯ ಯಂತ್ರವೊಂದನ್ನು ಸ್ವಂತ ಕೈಯಿಂದ ಮುಟ್ಟಿದ್ದು ಬಹುಶಃ ಅದೊಂದೇ ಸಲ.

ರೇಡಿಯೋ ಬಾಯಿ ಮುಚ್ಚಿಕೊಂಡಳು. ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಆ ಕುರ್ಚಿಯಿಂದ. ವೇದಿಕೆಯ ಮೇಲೆ ದೊಡ್ಡವರು ಗಂಟಲು ಸರಿಮಾಡಿಕೊಂಡು, ಈ ಕಾರ್ಖಾನೆಯ ಪ್ರತಿಯೊಬ್ಬ ಕಾರ್ಮಿಕನೂ ತಮ್ಮ ಮನೆಯ ಮಗನಿದ್ದಂತೆ ಎಂದರು. ಚಪ್ಪಾಳೆ. ಮನೆಯ ಮಕ್ಕಳಲ್ಲಿ ಇಬ್ಬರು ಅಲ್ಲೇ ಕಾಲಡಿಯಲ್ಲಿ ಗಾಳಿಯಿಲ್ಲದೆ ನಿಂತಿದ್ದರು, ತಂದೆಯವರ ಮೂಗಿಗೆ ತೊಂದರೆಯಾಗದಿರಲೆಂದು.

ಆಕೆ ಕಂಡಿಗೆ ಬಗ್ಗಿ, ಹೇಳಿಕೊಟ್ಟಂತೆ, "ಎಲ್ಲಾ ಕ್ಷೇಮಾನಾ?" ಅಂದಳು.

ಒಳಗೆ ಕಿಸಕ್ಕೆಂದ ನಗು. "ಯಾರಮ್ಮ ಅದು? ನಮ್ಮಕ್ಕನ್ನ ಎಲ್ಲಿಗೆ ಕಳ್ಸಿದ್ರಿ?" ಮಿಮಿಕ್ರಿ. "ಕ್ಷೇಮ ತಾಯೀ, ಕ್ಷೇಮ." ಹಿಂದೆಯೇ ದಪ್ಪ ದನಿಯಲ್ಲಿ, "ನಾನೂ ಕ್ಷೇಮ, ಅತ್ತಿಗೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಮತ್ತೆ ಅದೇ ಎರಡು ಉತ್ತರ. ಎರಡೂ ಕೈಯ ಹಗ್ಗಗಳು ಸಡಿಲವಾಗಿ ತೂಗುತ್ತಿದ್ದವು. ಮರ್ಯಾದೆಯ ಮಾತಿಗೆ ಹಗ್ಗ ಜಗ್ಗುವವರು ಯಾರು? ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಕ್ಷೇಮವಂತೆ! ಹೆಂಡತಿ ಹೆತ್ತ ದಿನವೂ ಇಷ್ಟು ನಯವಾಗಿ ಮಾತಾಡದ ಗೊರಕೆಗೆ ಇಂದೆಲ್ಲಿಂದ ಬಂತು ಈ ನಾಜೂಕು?

ಆಕೆ ಮೊಣಕಾಲೂರಿ, ಕಂಡಿಯೊಳಗೆ ತಲೆ ಹಾಕಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. "ಏಯ್ ಗೊರಕೆ! ನಿಮ್ಮತ್ತೆ ಬಂದಿದ್ದಾಳೆ ಕಣೋ!"

ಭಾಷಣ ಒಂದು ಕ್ಷಣ ತಡವರಿಸಿತು.

"ನಿನ್ನ ಬಾಯಿಗೆ ಸಿಮೆಂಟ್ ಹಾಕ, ಅತ್ತಿಗೆ!" ಒಳಗಿಂದ ಉತ್ತರ ಬಂತು. ಅದೇ ಗುಡುಗು, ಅದೇ ಒರಟು.

ಬಲಗೈಯ ಹಗ್ಗ ಮಾತ್ರ ಅಲುಗಲಿಲ್ಲ.

"ಲೋ ಮಿಮಿಕ್ರಿ! ಅವನ ಮಾತು ನೀನ್ಯಾಕೋ ಆಡ್ತಿದ್ದೀಯಾ? ಅವನೆಲ್ಲಿ?"

"ಆ ತುದೀಲಿ ಅಕ್ಕ... ಗೋಡೆಗೆ ಒರಗಿದಾನೆ... ಒಂದ್ ನಿದ್ದೆ ಮಾಡ್ಲಿ ಬಿಡು, ಪಾಪ..." ಅವನ ನಾಲಿಗೆಯೂ ಎಳೆಯುತ್ತಿತ್ತು. "ಇರು, ಎಬ್ಬಿಸ್ತೀನಿ..."

ಆ ಹೊತ್ತಿಗೆ ಆಕೆ ಬ್ಲೋವರಿನ ಗುಂಡಿ ಒತ್ತಿಯಾಗಿತ್ತು. "ಹೋಗ್ಬೇಡ! ಆಕಡೆ ಒಂದ್ ಹೆಜ್ಜೆ ಇಟ್ಟರೆ ಕಾಲು ಮುರೀತೀನಿ! ಏಣಿ ಹತ್ತೋ ನಾಯಿ!"

"ಅವನು ಬಿದ್ದಿದಾನೆ ಅಕ್ಕ, ಅವನು..."

"ಬಿದ್ದಿರೋನ್ನ ನಾನು ಎತ್ತುತೀನಿ. ನೀನೂ ಬಿದ್ದರೆ ಎತ್ತೋಕೆ ನಿಮ್ಮಪ್ಪ ಬರ್ತಾನಾ? ಹತ್ತು ಅಂದೆ! ಹತ್ತು!"

ಗಂಡ ಇಳಿದ ದಿನ ಇದನ್ನು ಹೇಳುವವರು ಯಾರೂ ತೊಟ್ಟಿಯ ಬಾಯಲ್ಲಿರಲಿಲ್ಲ. ಎಡಗೈಯ ಹಗ್ಗವನ್ನು ಎಳೆಯುತ್ತ, ಅವನ ಅಪ್ಪ ಅಜ್ಜ ಯಾರನ್ನೂ ಬಿಡದೆ ಬೈಯುತ್ತ, ಅವನನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದಳು. ಆಮೇಲೆ ವೇದಿಕೆಯತ್ತ ತಿರುಗಿದಳು. ಕಂಡಿಯ ಬಳಿಯಿಂದ ಕದಲಲಿಲ್ಲ. ಬಾಯಿ ಕಾಯುವವರು ಕದಲಬಾರದು.

"ಆ ಹಳದಿ ಸ್ಟ್ಯಾಂಡ್ ತನ್ರೋ! ರಿಬ್ಬನ್ ಕಟ್ಟಿ ಮದುವಣಗಿತ್ತಿ ತರ ನಿಲ್ಸಿದೀರಲ್ಲ, ಅದು!"

ಹಿಂದಿನ ಸಾಲುಗಳಲ್ಲಿ ಕೂತಿದ್ದ ಕೆಲಸಗಾರರು ಕುರ್ಚಿಗಳನ್ನು ಉರುಳಿಸಿ ಎದ್ದರು. "ಅದು ಪ್ರದರ್ಶನಕ್ಕೆ ಕಣ್ರಯ್ಯ" ಎಂದು ಅಡ್ಡ ಬಂದ ಇಸ್ತ್ರಿ ಸಾಹೇಬನನ್ನು ಯಾರೋ ಪಕ್ಕಕ್ಕೆ ತಳ್ಳಿದರು. ರಿಬ್ಬನ್ ಸಮೇತ ಸ್ಟ್ಯಾಂಡು ಬಂದು ಕಂಡಿಯ ಮೇಲೆ ನಿಂತಿತು. ಬಲಗೈಯ ಹಗ್ಗ ರಾಟೆಗೆ ಬಿತ್ತು. ಒಳಗೆ ಯಾರೂ ಇಳಿಯಲಿಲ್ಲ, ಇಳಿಯಲು ಆಕೆ ಬಿಡಲಿಲ್ಲ. ಆ ಭಾರಿ ಮೈ ಕೆಸರಿನಲ್ಲಿ ಬೆನ್ನ ಮೇಲೆ ಜಾರುತ್ತ ಬಂದು, ತೂಗಿ, ಕಂಡಿಯಲ್ಲಿ ಸಿಕ್ಕಿ, ಕೊನೆಗೆ ಹೊರಬಂತು. ತುಟಿ ನೀಲಿಯಾಗಿತ್ತು. ಇಬ್ಬರು ಸೇರಿ ಎದೆ ಒತ್ತಿದರು. ಬಹಳ ಹೊತ್ತಿನ ಮೇಲೆ ಒಂದು ಉಸಿರು ಬಂತು, ಗೊರಕೆಯಂಥದ್ದೇ.

ಇಲ್ಲಿಯವರೆಗಿನದು ನಿಮಗೆ ಅಸಹ್ಯ ಅನ್ನಿಸಿದ್ದರೆ, ಸ್ವಲ್ಪ ಉಳಿಸಿಟ್ಟುಕೊಳ್ಳಿ. ಮುಂದಕ್ಕೆ ಬೇಕಾಗುತ್ತದೆ.

ಅತಿಥಿಗಳು ಮೂಗಿಗೆ ಕರ್ಚೀಫು ಹಿಡಿದು ಎದ್ದು ನಿಂತಿದ್ದರು. ಇಸ್ತ್ರಿ ಸಾಹೇಬ ಮೈಕು ಕೈಗೆತ್ತಿಕೊಂಡು, ಒಂಚೂರೂ ತೊದಲದೆ, "ಮಾನ್ಯರೇ, ತಾವೀಗ ನೋಡಿದ್ದು ನಮ್ಮ ಸಿಬ್ಬಂದಿಯ ಅಣಕು ರಕ್ಷಣಾ ಪ್ರದರ್ಶನ" ಅಂದ. ಅತಿಥಿಗಳು ಚಪ್ಪಾಳೆ ತಟ್ಟಿದರು. ನೆಲದ ಮೇಲೆ ಬಿದ್ದವನ ಬಾಯಿಂದ ನೊರೆ ಬರುತ್ತಿತ್ತು. ಪಕ್ಕದಲ್ಲಿ ಮಿಮಿಕ್ರಿ ವಾಂತಿ ಮಾಡುತ್ತ, "ತಮಾಷೆಗೆ ಅಕ್ಕ, ಅವನು ಮಲಗ್ಲಿ ಅಂತ ತಮಾಷೆಗೆ" ಎಂದು ಅಳುತ್ತಿದ್ದ. ದೊಡ್ಡವರು, ಬಹಳ ನೈಜವಾಗಿತ್ತು ಎಂದು ಮೆಚ್ಚಿ ಕಾರು ಹತ್ತಿದರು.

ವಿಚಾರಣೆಯೂ ನಡೆಯಿತು. ತಪ್ಪು ಮಿಮಿಕ್ರಿಯದೆಂದು ತೀರ್ಮಾನವಾಯಿತು. ಒಬ್ಬನ ಪರವಾಗಿ ಇನ್ನೊಬ್ಬ ಉತ್ತರ ಕೊಟ್ಟದ್ದು ಶಿಸ್ತಿನ ಉಲ್ಲಂಘನೆಯಂತೆ. ಹುಚ್ಚಾಟವೇ, ನಾನೂ ಒಪ್ಪುತ್ತೇನೆ. ಅವನನ್ನು ಮನೆಗೆ ಕಳುಹಿಸಿದರು. ಆದರೆ ಗಾಳಿ ನಿಲ್ಲಿಸಿದ ಬೆರಳಿನ ಬಗ್ಗೆ ಯಾರೂ ಕೇಳಲಿಲ್ಲ. ಆ ಬೆರಳು ಮುಂದಿನ ವಾರ ಅತ್ಯುತ್ತಮ ರಕ್ಷಣಾ ಕಾರ್ಯದ ಫಲಕ ಹಿಡಿದು ಫೋಟೋದಲ್ಲಿತ್ತು. ರೇಡಿಯೋಳನ್ನು, ಗಣ್ಯರ ಎದುರು ಅವಾಚ್ಯ ಮಾತಾಡಿದ್ದಕ್ಕಾಗಿ, ಗೇಟಿನ ಪಕ್ಕದ ಹೂದೋಟಕ್ಕೆ ನೀರು ಹಾಯಿಸಲು ಹಾಕಿದರು. ಈಗ ತೊಟ್ಟಿಯ ಬಾಯಲ್ಲಿ ಕೂರುವವನು ಮಹಾ ಸಭ್ಯ. ಫೋನಿನಿಂದ ತಲೆಯನ್ನೇ ಎತ್ತುವುದಿಲ್ಲ.

ಗೊರಕೆ ಬದುಕಿದ. ಬದುಕಿದ ಅನ್ನುವುದನ್ನು ಬಹಳ ಅಗ್ಗದಲ್ಲಿ ಬಳಸುತ್ತೇವೆ ನಾವು. ಕೈ ನಡುಗುತ್ತದೆ, ನಡೆದರೆ ಒಂದು ಪಕ್ಕಕ್ಕೆ ವಾಲುತ್ತಾನೆ, ಮಾತು ಗಂಟಲಿಗೆ ಬಂದು ದಾರಿ ಮರೆಯುತ್ತದೆ.

ಒಂದು ಬೆಳಿಗ್ಗೆ ಅವನನ್ನು ಕೈಹಿಡಿದು ಗೇಟಿನವರೆಗೆ ನಡೆಸಿಕೊಂಡು ಬಂದವಳು ಒಬ್ಬ ಮುದುಕಿ. ಅವನ ಎದೆಮಟ್ಟಕ್ಕೂ ಬಾರದ ಸಣಕಲು ಜೀವ. ಅದೇ ಲಟ್ಟಣಿಗೆಯ ಅತ್ತೆ.

"ನೀನೇ ಏನಮ್ಮ ರೇಡಿಯೋ?" ಅಂದಳು. "ಇವನಿಗೆ ನನ್ನ ಹೆಸರು ಹಿಡಿದು ಬೈತಿದ್ದೆಯಂತೆ."

ರೇಡಿಯೋ ನೀರಿನ ನಲ್ಲಿ ನಿಲ್ಲಿಸಿದಳು.

"ಇನ್ನೊಂದ್ಸಲ ಬೈಯವ್ವ. ಮನೇಲಿ ಬಾಯೇ ಬಿಡ್ತಿಲ್ಲ ಇವನು. ಮಗಳು ಅತ್ತೂ ಅತ್ತೂ ಸುಸ್ತಾದ್ಲು."

ರೇಡಿಯೋ ಸೆರಗಿನಿಂದ ಮುಖ ಒರೆಸಿಕೊಂಡಳು. ಕೈಯಲ್ಲಿದ್ದ ನೀರಿನ ಪೈಪಿನ ತುದಿಯನ್ನು ಅವನ ನಡುಗುವ ಕೈಗೆ ಕೊಟ್ಟು, ತಾನು ನಾಲ್ಕು ಮಾರು ಹಿಂದೆ ಸರಿದು ಪೈಪನ್ನು ಬಿಗಿಯಾಗಿ ಹಿಡಿದಳು.

"ಏಯ್ ಗೊರಕೆ. ನಿಮ್ಮತ್ತೆ ಗೇಟ್ ಹತ್ರ ಬಂದಿದ್ದಾಳೆ ಕಣೋ."

ಅವನ ತುಟಿ ಅಲುಗಿತು. ಏನೂ ಬರಲಿಲ್ಲ. ಶಿಫ್ಟಿಗೆ ಹೋಗುತ್ತಿದ್ದವರು ನಿಂತು ನೋಡಿದರು. ಮುದುಕಿ ಅವನ ಬೆನ್ನು ಸವರಿದಳು. ರೇಡಿಯೋ ಇನ್ನೊಮ್ಮೆ, ಈ ಸಲ ಹಳೆಯ ಗಂಟಲಲ್ಲಿ, ಇಡೀ ಗೇಟು ಕೇಳುವಂತೆ ಕೂಗಿದಳು.

"ಸಿ..." ಅಂದ ಅವನು. ಕತ್ತಿನ ನರ ಉಬ್ಬಿತು. "ಸಿ... ಸಿಮೆಂಟ್..."

ಪೈಪು ಜಗ್ಗಿತು. ಭುಜ ಕೀಳುವಷ್ಟೇನಲ್ಲ. ಆದರೂ ಜಗ್ಗಿತು.

ಮೇಲಿನ ಆಫೀಸಿನ ಕಿಟಕಿ ತೆರೆದು ಇಸ್ತ್ರಿ ಸಾಹೇಬ ತಲೆ ಹೊರಹಾಕಿದ. "ಏನ್ರೀ ಅದು ಗಲಾಟೆ? ಎಲ್ಲಾ ಕ್ಷೇಮಾನಾ ಅಲ್ಲಿ?"

ರೇಡಿಯೋ ತಲೆ ಎತ್ತಿ ಕೊಟ್ಟ ಉತ್ತರವನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಾರದು. ಶಿಫ್ಟಿನವರೆಲ್ಲ ಕೇಳಿಸಿಕೊಂಡರು. ಕಿಟಕಿ ಮುಚ್ಚಿಕೊಂಡಿತು.