ನಿಂತ ಬಸ್ಸು ಹತ್ತದವರು

ಮಿಡಿಗೇಶಿಯಿಂದ ಮಧುಗಿರಿಗೆ ಹೋಗುವ ನಮ್ಮ ಪ್ರೈವೇಟ್ ಬಸ್ಸಿನ ಕಂಡಕ್ಟರ್ ನಿಂತ ಬಸ್ಸನ್ನು ಹತ್ತಿದ್ದನ್ನು ನಾನು ಕಂಡಿಲ್ಲ. ಜನರನ್ನೆಲ್ಲ ಒಳಗೆ ತುಂಬಿ, ಬಸ್ಸಿನ ತಗಡಿಗೆ ಎರಡೇಟು ಬಡಿದು ‘ರೈಟ್’ ಎನ್ನುವರು. ಬಸ್ಸು ಹೊರಟ ಮೇಲೆ ಕಂಬಿ ಹಿಡಿದು ನೆಗೆಯುವರು. ಮಂಡಿನೋವಿನ ನನ್ನ ಅಮ್ಮ ಮೆಟ್ಟಿಲಲ್ಲಿ ತಡವರಿಸಿದರೆ, ‘ಬೇಗ ಕಾಲೆತ್ತಮ್ಮ, ಹಿಂದೆ ಜನ ಅವ್ರೆ’ ಎಂದು ಗದರುವರು. ಹಿಂದೆ ಯಾರೂ ಇಲ್ಲದಿದ್ದರೂ ಅದೇ ಮಾತು.

ಹೋದ ವರ್ಷ ಅಮ್ಮನಿಗೆ ಲಕ್ವ ಹೊಡೆಯಿತು. ಮತ್ತೆ ನಡಿಗೆ ಕಲಿಸುವ ರೋಬೋಟ್ ಇದೆಯೆಂದು ತುಮಕೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದರೆ, ನಮಗಿಂತ ಮುಂದಿನ ಸರದಿ ಅದೇ ಕಂಡಕ್ಟರದು. ಅವರಿಗೂ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಸೊಂಟಕ್ಕೆ ಬೆಲ್ಟ್ ಬಿಗಿದು ಅವರನ್ನು ಮೇಲಿನಿಂದ ತೂಗುಹಾಕಿದ್ದರು. ಯಂತ್ರದ ಕಾಲುಗಳು ಅವರ ಕಾಲುಗಳನ್ನು ಎತ್ತಿ ಎತ್ತಿ, ಕೆಳಗೆ ಓಡುತ್ತಿದ್ದ ಪಟ್ಟಿಯ ಮೇಲೆ ಇಡುತ್ತಿದ್ದವು. ಥೆರಪಿ ಮಾಡಿಸುವ ಹುಡುಗಿ ವೇಗವನ್ನು ಸ್ವಲ್ಪ ಹೆಚ್ಚಿಸಿದಳು.

‘ನಿಧಾನ ಕಣಮ್ಮ,’ ಎಂದರು ಕಂಡಕ್ಟರ್. ‘ವಯಸ್ಸಾದೋರ್ಗೆ ಕಾಲೆತ್ತಕ್ಕೆ ಒಸಿ ಟೈಮ್ ಬ್ಯಾಡ್ವಾ? ಇಂಗಾ ಓಡಿಸೋದು?’

ಗಾಲಿಕುರ್ಚಿಯಲ್ಲಿ ಸರದಿಗೆ ಕಾದಿದ್ದ ಅಮ್ಮನಿಗೆ ಆಗ ಮಾತೂ ತೊದಲುತ್ತಿತ್ತು. ಒಂದೊಂದೇ ಪದ ಕೂಡಿಸಿಕೊಂಡು ಹೇಳಿದಳು: ‘ಬೇಗ... ಕಾಲೆತ್ತಪ್ಪ. ಹಿಂದೆ... ಜನ ಅವ್ರೆ.’

ಕಂಡಕ್ಟರ್ ಕತ್ತು ತಿರುಗಿಸಿ ನೋಡಿದರು. ಈ ಸಲ ಹಿಂದೆ ನಿಜವಾಗಿಯೂ ಜನ ಇದ್ದರು. ಅವರ ಅರ್ಧ ಮುಖ ನಕ್ಕಿತು. ಸ್ವಾಧೀನವಿದ್ದ ಎಡಗೈಯಿಂದ ಯಂತ್ರದ ಕಂಬಿಗೆ ಎರಡೇಟು ಬಡಿದು, ಹುಡುಗಿಗೆ ‘ರೈಟ್’ ಎಂದರು.